ಗ್ರಾಸಿಂಗ್ ಟೇಬಲ್ ಕೊಳ್ಳುವವರೇ, ಗಾಳಿ ಅಳೆಯದೆ ಕೊನೆ ಕಂತು ಕೊಡಬೇಡಿ

ಪೆಥಾಲಜಿ ಲ್ಯಾಬಿಗೆ ಹೊಸ ಗ್ರಾಸಿಂಗ್ ಟೇಬಲ್, ಅಂದರೆ ದೇಹದಿಂದ ತೆಗೆದ ಭಾಗಗಳನ್ನು ಪರೀಕ್ಷೆಗೆ ಕತ್ತರಿಸುವ ಮೇಜು, ತರಿಸುವ ಯೋಚನೆ ಇದ್ದವರು ದಯವಿಟ್ಟು ಇದನ್ನು ಓದಿ. ಆಪರೇಷನ್ ಥಿಯೇಟರಿನಿಂದ ಬರುವ ಸ್ಪೆಸಿಮೆನ್‌ಗಳು ಹೆಚ್ಚಾಗಿ ಫಾರ್ಮಲಿನ್‌ನಲ್ಲಿ (ಕೊಳೆಯದಂತೆ ಕಾಪಾಡುವ ದ್ರಾವಣ) ನೆನೆದೇ ಬಂದಿರುತ್ತವೆ. ಅವನ್ನು ಕತ್ತರಿಸುವಾಗ ಏಳುವ ಘಾಟು ನಮ್ಮ ಮುಖಕ್ಕೆ ಬಾರದೆ, ಟೇಬಲ್ಲಿನ ತೂತುಗಳಿಂದ ಕೆಳಗೆ ಹೋಗಲಿ ಅಂತಲೇ ಇದಕ್ಕೆ ಲಕ್ಷಗಟ್ಟಲೆ ಸುರಿಯುವುದು. ನಮಗೆ ಬಂದ ಟೇಬಲ್ ಆ ಒಂದು ಕೆಲಸ ಬಿಟ್ಟು ಉಳಿದದ್ದೆಲ್ಲ ಮಾಡುತ್ತಿತ್ತು.

ನೋಡಲು ತುಂಬಾ ಚೆನ್ನಾಗಿತ್ತು. ಹೊಳೆಯುವ ಸ್ಟೀಲು, ನಲ್ಲಿ, ಲೈಟು, ಜೋರಾಗಿ ಸದ್ದು ಮಾಡುವ ಬ್ಲೋವರ್. ಡೆಮೊ ದಿನ ಕಂಪನಿಯವರು ಖಾಲಿ ಟೇಬಲ್ ಮೇಲೆ ಟಿಶ್ಯೂ ಪೇಪರ್ ಇಟ್ಟರು. ಅದು ತೂತುಗಳಿಗೆ ಅಂಟಿಕೊಂಡಿತು. ಸಹಿ ಹಾಕಿಸಿಕೊಂಡು ಹೊರಟರು, ಆಫೀಸಿನವರು ಪೂರ್ತಿ ಹಣ ಕೊಟ್ಟೂ ಬಿಟ್ಟರು.

ಆಮೇಲೆ ದೊಡ್ಡ ಗರ್ಭಕೋಶವೊಂದನ್ನು ಬಕೆಟ್ಟಿನಿಂದ ತೆಗೆದು ಕತ್ತರಿಸುವ ಬೋರ್ಡ್ ಮೇಲಿಟ್ಟಾಗ ಕಣ್ಣಲ್ಲಿ ಧಾರಾಕಾರ ನೀರು. ಬ್ಲೋವರ್ ಓಡುತ್ತಲೇ ಇದೆ! ಟೇಬಲ್ ಪೂರ್ತಿ ತೊಳೆದು, ಫಾರ್ಮಲಿನ್, ಸ್ಪಿರಿಟ್ ಎಲ್ಲ ಆಚೆ ಸಾಗಿಸಿ, ಒಂದು ಊದುಬತ್ತಿ ಹಚ್ಚಿ ನೋಡಿದೆವು. ತೂತಿನ ಪಕ್ಕ ಹಿಡಿದರೆ ಹೊಗೆ ಒಳಗೆ ಹೋಗುತ್ತಿತ್ತು. ಒಂದು ಗೇಣು ಮೇಲೆ ಹಿಡಿದರೆ ಸೀದಾ ಮುಖಕ್ಕೇ. ಬೋರ್ಡ್ ಇಟ್ಟ ಮೇಲಂತೂ ಅರ್ಧ ತೂತುಗಳು ಮುಚ್ಚಿಹೋಗಿ ಹೊಗೆ ಅಲ್ಲೇ ಸುತ್ತುತ್ತಿತ್ತು.

ಮೇಂಟೆನೆನ್ಸ್‌ನವರು ಕೆಳಗಿನ ಬಾಗಿಲು ಬಿಚ್ಚಿದಾಗ ಗೊತ್ತಾಯಿತು, ಗಾಳಿ ಹೊರಗೆ ಸಾಗಿಸುವ ಕೊಳವೆ, ಅಂದರೆ ಡಕ್ಟೇ ಇಲ್ಲ. ಗಾಳಿ ಒಂದು ಹೆಪಾ ಫಿಲ್ಟರ್ ದಾಟಿ ಅದೇ ರೂಮಿಗೆ ವಾಪಸ್. ಹೆಪಾ ಹಿಡಿಯುವುದು ಕಣಗಳನ್ನು. ಫಾರ್ಮಲಿನ್‌ನಿಂದ ಏಳುವ ಫಾರ್ಮಾಲ್ಡಿಹೈಡ್ ಅನಿಲ, ಅದು ಸಲೀಸಾಗಿ ಹಾದುಹೋಗುತ್ತದೆ. ಮಾಮೂಲಿ ಇದ್ದಿಲಿನ ಫಿಲ್ಟರೂ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಪೊಟ್ಯಾಸಿಯಂ ಪರ್ಮಾಂಗನೇಟ್‌ನಂಥದ್ದು ಸೇರಿಸಿದ ಫಿಲ್ಟರ್ ಬೇಕು, ಅದನ್ನೂ ಕಾಲಕಾಲಕ್ಕೆ ಬದಲಿಸುತ್ತಿರಬೇಕು.

ಕಂಪನಿಗೆ ಫೋನ್ ಮಾಡಿದರೆ, "ಮೇಡಂ, ಡಕ್ಟ್ ನಿಮ್ಮ ಕಡೆಯ ಕೆಲಸ, ಆರ್ಡರ್‌ನಲ್ಲಿ ಇಲ್ಲ" ಅಂದರು. ನಾವೇ ಡಕ್ಟ್ ಹಾಕಿಸಿದೆವು. ಅಷ್ಟು ಉದ್ದ, ಅಷ್ಟು ಬೆಂಡು ದಾಟಿಸುವ ಶಕ್ತಿ ಆ ಬ್ಲೋವರ್‌ಗೆ ಇರಲಿಲ್ಲ. ಅದನ್ನೂ ಬದಲಿಸಬೇಕಾಯಿತು.

ಹಣ ಹೋದದ್ದಕ್ಕಿಂತ ನನಗೆ ಜಾಸ್ತಿ ಸಂಕಟವಾದದ್ದು ದಿನವಿಡೀ ಅಲ್ಲೇ ನಿಲ್ಲುವ ಟೆಕ್ನಿಷಿಯನ್‌ಗಳನ್ನು ನೋಡಿ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಓಶಾ ನಿಯಮದ ಪ್ರಕಾರ 8 ಗಂಟೆಯ ಸರಾಸರಿ 0.75 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ದಾಟಬಾರದು, 15 ನಿಮಿಷದ ಸರಾಸರಿ 2 ಪಿಪಿಎಂ ಮೀರಬಾರದು. "ವಾಸನೆ ಅಭ್ಯಾಸ ಆಗುತ್ತೆ ಬಿಡಿ" ಅನ್ನುವವರ ಮಾತು ಕೇಳಬೇಡಿ. ಅಭ್ಯಾಸ ಆಗುವುದು ಮೂಗಿಗೆ ಮಾತ್ರ, ವಿಷ ಒಳಗೆ ಹೋಗುತ್ತಲೇ ಇರುತ್ತದೆ.

ಅದಕ್ಕೇ ಆರ್ಡರ್‌ನಲ್ಲೇ ಬರೆಸಿಕೊಳ್ಳಿ: ಗಾಳಿ ಕಟ್ಟಡದ ಹೊರಗೆ ಹೋಗಬೇಕು, ಡಕ್ಟ್ ಸಮೇತ ಜವಾಬ್ದಾರಿ ಅವರದೇ. ಬೋರ್ಡ್ ಇಟ್ಟು, ರೂಮಿನ ಎಸಿ ಓಡಿಸಿ, ನೀವು ಕೆಲಸ ಮಾಡುವ ಎತ್ತರದಲ್ಲೇ ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಹಿಡಿದು ಅಳೆದು ತೋರಿಸಲಿ. ಕೊನೆ ಕಂತು ಅದಾದ ಮೇಲೆ. ತಲೆ ಮೇಲೆ ಸೀಲಿಂಗ್ ಫ್ಯಾನ್ ಇದ್ದರೆ ತೆಗೆಸಿಬಿಡಿ, ಕೆಳಗೆ ಹೋಗಬೇಕಾದ ಗಾಳಿಯನ್ನೆಲ್ಲ ಅದು ಚೆದುರಿಸುತ್ತದೆ. ಡಕ್ಟಿನ ಬಾಯಿ ವಾರ್ಡಿನ ಕಿಟಕಿಯ ಕಡೆಗೆ ತಿರುಗಿದೆಯಾ ಅಂತ ಅದೇ ದಿನ ಹೊರಗೆ ಹೋಗಿ ನೋಡಿ, ಆಮೇಲೆ ಸಹಿ ಹಾಕಿ.