ಕಾರ್ವೆಟ್ ಸಿ5: ಸ್ಟೇರಿಂಗ್ ಬೀಗದ ರೀಕಾಲ್ ಆಗಿದ್ದರೆ ಸಾಕೇ?

ಗಲ್ಫ್‌ನಲ್ಲಿ ಹಳೆಯ ಅಮೆರಿಕನ್ ಸ್ಪೋರ್ಟ್ಸ್ ಕಾರು ಕೊಂಡು, ಕಾರ್ನೆಟ್ (ಸುಂಕವಿಲ್ಲದೆ ಕಾರನ್ನು ತಾತ್ಕಾಲಿಕವಾಗಿ ದೇಶದೊಳಗೆ ತರುವ ಪತ್ರ) ಮಾಡಿಸಿ, ರಜೆಗೆ ಊರಿಗೆ ತರುವ ಆಸೆ ಉಪ್ಪಳ, ಕುಂಬಳೆ, ಕಾಸರಗೋಡು ಕಡೆಯವರಿಗೆ ಹೊಸದಲ್ಲ. ಕೈಗೆಟಕುವ ದರದಲ್ಲಿ ಸಿಗುವಂಥವುಗಳಲ್ಲಿ ಷೆವರ್ಲೆ ಕಾರ್ವೆಟ್ ಸಿ5 ಒಂದು. 1997ರಿಂದ 2004ರ ಮಾಡೆಲ್‌ವರೆಗಿನದು, 5.7 ಲೀಟರಿನ ವಿ8, ಮೊದಲು 345 ಅಶ್ವಶಕ್ತಿ, 2001ರಿಂದ 350. ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ಹತ್ತಿರ ಇರುವುದರಿಂದ ಭಾರ ಎರಡೂ ಕಡೆ ಚೆನ್ನಾಗಿ ಹಂಚಿಹೋಗಿದೆ. ಎಂಜಿನ್ ಗಟ್ಟಿ, ಓಟ ಸೊಗಸು, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಸ್ಟೇರಿಂಗ್ ಕಾಲಂನ, ಅಂದರೆ ಸ್ಟೇರಿಂಗ್ ಚಕ್ರ ಕೂತಿರುವ ಕಂಬದ, ಬೀಗದಲ್ಲಿ. ಇದಕ್ಕಾಗಿಯೇ ಕಂಪೆನಿ 2004ರಲ್ಲಿ ರೀಕಾಲ್ ಮಾಡಿತು, ಎಂದರೆ ದೋಷ ಸರಿಪಡಿಸಲು ಕಾರುಗಳನ್ನು ವಾಪಸು ಕರೆಸಿತು. ಅದು ಆಗಿದ್ದರೆ ಸಾಕೇ ಎಂಬುದು ಪ್ರಶ್ನೆ.

ಸಾಮಾನ್ಯ ಕಾರಿನಲ್ಲಿ ಕೀಲಿ ಹಾಕುವ ಜಾಗ ಸ್ಟೇರಿಂಗ್ ಕಾಲಂನಲ್ಲೇ ಇರುತ್ತದೆ. ಕೀಲಿ ತಿರುಗಿಸಿದಾಗ ಬೀಗ ಯಾಂತ್ರಿಕವಾಗಿಯೇ ಬಿಚ್ಚುತ್ತದೆ. ಸಿ5ರಲ್ಲಿ ಕೀಲಿಯ ಜಾಗ ಡ್ಯಾಶ್‌ಬೋರ್ಡಿನಲ್ಲಿದೆ, ಕಾಲಂಗೂ ಅದಕ್ಕೂ ನೇರ ಸಂಬಂಧವಿಲ್ಲ. ಹಾಗಾಗಿ ಕಾಲಂ ಒಳಗೆ ಒಂದು ಪುಟ್ಟ ಮೋಟಾರು ಇಟ್ಟಿದ್ದಾರೆ. ಕೀಲಿ ತೆಗೆದಾಗ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಕಂಪ್ಯೂಟರ್, ಅಂದರೆ ಬಿಸಿಎಂ, ಆ ಮೋಟಾರಿಗೆ ಕರೆಂಟು ಕೊಡುತ್ತದೆ. ಒಂದು ಪಿನ್ನು ಹೊರಬಂದು, ಸ್ಟೇರಿಂಗ್ ಜೊತೆ ತಿರುಗುವ ಹಲ್ಲು ಕಡಿದ ತಟ್ಟೆಯೊಳಗೆ ಕೂರುತ್ತದೆ. ಮತ್ತೆ ಕೀಲಿ ಹಾಕಿ ತಿರುಗಿಸಿದರೆ ಮೋಟಾರು ಹಿಮ್ಮುಖವಾಗಿ ತಿರುಗಿ ಪಿನ್ನನ್ನು ಎಳೆದುಕೊಳ್ಳಬೇಕು. ಬ್ಯಾಟರಿ ಸೋತಿದ್ದರೆ ಎಳೆಯುವುದಿಲ್ಲ. ಚಕ್ರವನ್ನು ಕಟ್ಟೆಗೆ ಒತ್ತಿ ನಿಲ್ಲಿಸಿದ್ದರೆ ತಟ್ಟೆ ಪಿನ್ನನ್ನು ಬಿಗಿಯಾಗಿ ಹಿಡಿದಿರುತ್ತದೆ, ಆಗಲೂ ಎಳೆಯುವುದಿಲ್ಲ. ಕೆಲವೊಮ್ಮೆ ಪಿನ್ನು ಸರಿಯಾಗಿ ಹಿಂದೆ ಬಂದಿದ್ದರೂ ಅದನ್ನು ಗುರುತಿಸುವ ಸ್ವಿಚ್ಚು ಕೊಳೆಯಾಗಿ, ಬೀಗ ಬಿದ್ದೇ ಇದೆ ಎಂದು ಬಿಸಿಎಂಗೆ ಸುಳ್ಳು ಹೇಳುತ್ತದೆ.

ಹೀಗಾದಾಗ ಮೀಟರ್ ಹತ್ತಿರದ ಪರದೆಯಲ್ಲಿ ‘ಸರ್ವಿಸ್ ಕಾಲಂ ಲಾಕ್’ ಅಥವಾ ‘ಪುಲ್ ಕೀ, ವೇಟ್ 10 ಸೆಕೆಂಡ್ಸ್’ ಎಂದು ಬರುತ್ತದೆ. ಎಂಜಿನ್ ಶುರುವಾಗಬಹುದು. ಆದರೆ ಕಾರು ಜರುಗಿದ ಕೂಡಲೇ, ಗಂಟೆಗೆ ಸುಮಾರು 3 ಕಿಲೋಮೀಟರ್ ವೇಗದಲ್ಲೇ, ಎಂಜಿನ್ ಕಂಪ್ಯೂಟರ್ (ಪಿಸಿಎಂ) ಪೆಟ್ರೋಲ್ ನಿಲ್ಲಿಸುತ್ತದೆ. ಸ್ಟೇರಿಂಗ್ ತಿರುಗದ ಕಾರು ಮುಂದೆ ಹೋಗಬಾರದು ಎಂಬುದು ವಿನ್ಯಾಸ ಮಾಡಿದವರ ಲೆಕ್ಕ.

2004ರ ರೀಕಾಲ್ ಬಂದದ್ದು ಈ ಲೆಕ್ಕವೇ ತಪ್ಪಿದ್ದರಿಂದ. ಪಿಸಿಎಂಗೆ ಬರುವ ವೋಲ್ಟೇಜ್ ಇಳಿದರೆ, ಅಥವಾ ನಡುವೆ ಕಡಿದುಹೋದರೆ, ಪೆಟ್ರೋಲ್ ನಿಲ್ಲಿಸುವ ಕೆಲಸ ನಡೆಯದೇ ಹೋಗಬಹುದು. ಆಗ ಬೀಗ ಬಿದ್ದಿರುವಾಗಲೇ ಕಾರು ವೇಗ ಹಿಡಿಯುತ್ತದೆ. ಇಲ್ಲಿ ಒಂದು ವಿಷಯ ತಿಳಿದಿರಬೇಕು: ರೀಕಾಲ್ ಹೇಳುವ ಅಪಾಯ ಹೆದ್ದಾರಿಯಲ್ಲಿ ಫಕ್ಕನೆ ಬೀಗ ಬೀಳುವುದರದ್ದಲ್ಲ, ಬೀಗ ಬಿಚ್ಚದ ಕಾರನ್ನು ನಿಂತ ಜಾಗದಿಂದ ಹೊರಡಿಸುವುದರದ್ದು. ಅಂಗಳದಿಂದ ಇಳಿಜಾರಿನ ರಸ್ತೆಗೆ ನೇರ ಇಳಿಯುವ ನಮ್ಮ ಗುಡ್ಡದ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಈಗ ಪರಿಹಾರಗಳ ವಿಚಾರ. ರೀಕಾಲ್‌ನಲ್ಲಿ ಮಾಡುವಂತೆ ಪಿಸಿಎಂಗೆ ಹೊಸ ಪ್ರೋಗ್ರಾಂ ಹಾಕುವುದು ಮೊದಲನೆಯದು. ಇದು ಒಳ್ಳೆಯದೇ, ಆದರೆ ಪಿನ್ನು, ಮೋಟಾರು, ಸ್ವಿಚ್ಚು ಎಲ್ಲ ಹಳೆಯವೇ ಉಳಿಯುತ್ತವೆ. ಅಪಘಾತದ ಸಾಧ್ಯತೆ ತಗ್ಗುತ್ತದೆ, ಕಾರು ದಾರಿಯಲ್ಲಿ ನಿಲ್ಲುವುದು ತಪ್ಪುವುದಿಲ್ಲ. ಎರಡನೆಯದು, ಹೊರಗಿನ ಕಂಪೆನಿಗಳು ಮಾರುವ ಬೈಪಾಸ್ ಪೆಟ್ಟಿಗೆ. ಮೋಟಾರಿನ ವೈರಿನ ನಡುವೆ ಇದನ್ನು ಸೇರಿಸಿದರೆ ಬೀಗ ಹಾಕುವ ಆಜ್ಞೆ ಮೋಟಾರನ್ನು ಮುಟ್ಟುವುದಿಲ್ಲ, ‘ಬೀಗ ಬಿಚ್ಚಿದೆ’ ಎಂಬ ಸಂಕೇತ ಮಾತ್ರ ಬಿಸಿಎಂಗೆ ಹೋಗುತ್ತದೆ. ಬೀಗ ಬಿಚ್ಚಿದ ಸ್ಥಿತಿಯಲ್ಲೇ ಇದನ್ನು ಕೂರಿಸಬೇಕು. ಬೀಗ ಬಿದ್ದಿರುವಾಗ ಕೂರಿಸಿದರೆ ಬಿಚ್ಚಿದೆ ಎಂದು ಬಿಸಿಎಂ ನಂಬುತ್ತದೆ, ಸ್ಟೇರಿಂಗ್ ತಿರುಗುವುದಿಲ್ಲ. ಅದು ರೀಕಾಲ್‌ಗೆ ಕಾರಣವಾದ ಅಪಾಯವನ್ನು ನಾವೇ ಕೈಯಾರೆ ಮಾಡಿಟ್ಟಂತೆ.

ಮೂರನೆಯದು ತಟ್ಟೆಯನ್ನೇ ತೆಗೆಯುವುದು. ನಮ್ಮ ಮತ ಇದಕ್ಕೆ. ತಟ್ಟೆ ಇಲ್ಲದಿದ್ದರೆ ಪಿನ್ನು ಎಲ್ಲಿಗೆ ಬೇಕಾದರೂ ಹೋಗಲಿ, ಹಿಡಿಯಲು ಏನೂ ಇಲ್ಲ. ಕೆಲಸ ಮಾತ್ರ ನಾಜೂಕಿನದು. ಬ್ಯಾಟರಿಯ ಮೈನಸ್ ಬಿಚ್ಚಿ ಏರ್‌ಬ್ಯಾಗಿನ ಕರೆಂಟು ಪೂರ್ತಿ ಇಳಿಯುವವರೆಗೆ, ಕಡಿಮೆಯೆಂದರೆ ಹತ್ತು ನಿಮಿಷ, ಕಾಯಬೇಕು. ಏರ್‌ಬ್ಯಾಗನ್ನು ಮುಖ ಮೇಲೆ ಮಾಡಿ ಇಡಬೇಕು. ಸ್ಟೇರಿಂಗ್ ಚಕ್ರವನ್ನು ಪುಲ್ಲರ್ (ಎಳೆದು ಬಿಡಿಸುವ ಉಪಕರಣ) ಹಾಕಿಯೇ ತೆಗೆಯಬೇಕು, ಸುತ್ತಿಗೆ ಮುಟ್ಟಿಸಬಾರದು. ಒಳಗಿರುವ ಸುರುಳಿ ವೈರು (ಕ್ಲಾಕ್ ಸ್ಪ್ರಿಂಗ್) ತಿರುಗದಂತೆ ಟೇಪ್ ಅಂಟಿಸಬೇಕು. ಅದು ಒಂದು ಸುತ್ತು ತಪ್ಪಿ ಕೂತರೆ ಆಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸುವಾಗ ಕಡಿದು, ಏರ್‌ಬ್ಯಾಗೇ ಕೆಲಸಕ್ಕೆ ಬಾರದಂತಾಗುತ್ತದೆ. ಇನ್ನೊಂದು ಮಾತು: ತಟ್ಟೆ ತೆಗೆದರೂ ಸ್ವಿಚ್ಚಿನ ಸುಳ್ಳು ನಿಲ್ಲುವುದಿಲ್ಲ, ಪೆಟ್ರೋಲ್ ಕಡಿತವೂ ನಿಲ್ಲುವುದಿಲ್ಲ. ಆದ್ದರಿಂದ ತಟ್ಟೆ ತೆಗೆದ ಮೇಲೆ ಬೈಪಾಸ್ ಪೆಟ್ಟಿಗೆಯನ್ನೂ ಹಾಕಿಸಿ. ಕಳ್ಳತನದ ಭಯಕ್ಕೆ ಕೀಲಿಯೊಳಗಿನ ರೆಸಿಸ್ಟರ್ ಗುಂಡು ಇದ್ದೇ ಇದೆ, ಅದು ಹೊಂದದೆ ಎಂಜಿನ್ ಶುರುವಾಗದು.

ಪ್ರೋಗ್ರಾಂ ಒಂದೇ ಸಾಲದು ಎನ್ನಲು ನಮ್ಮ ಕರಾವಳಿಯೇ ಕಾರಣ. ಸಿ5ರ ಬಾನೆಟ್ ಎತ್ತಿ ನೋಡಿ: ಪಿಸಿಎಂ ಇರುವುದು ಬ್ಯಾಟರಿಯ ಅಡಿಯಲ್ಲಿ. ಬ್ಯಾಟರಿ ಸೋರಿದರೆ ಆಸಿಡ್ ನೇರ ವೈರಿನ ಗೊಂಚಲಿನ ಮೇಲೆ ಮತ್ತು ಪಿಸಿಎಂ ಮೇಲೆ ತೊಟ್ಟಿಕ್ಕುತ್ತದೆ. ಈ ಕಾರಿನ ಹಳೆಯ ಕಾಯಿಲೆ ಇದು. ಬಿಸಿಎಂ ಇರುವುದು ಪಕ್ಕದ ಸೀಟಿನವರು ಕಾಲಿಡುವ ಜಾಗದಲ್ಲಿ, ಕಾರ್ಪೆಟ್ಟಿನ ಅಡಿ. ಮರುಭೂಮಿಯ ಬಿಸಿಲಿಗೆ ಒಣಗಿ ಬಿರಿದ ಬಾಗಿಲಿನ ರಬ್ಬರು ಆಟಿ ತಿಂಗಳ ಮಳೆಯನ್ನು ತಡೆಯುತ್ತದೆಯೇ? ನೀರು ಇಳಿದು ಮೊದಲು ನಿಲ್ಲುವುದೇ ಅಲ್ಲಿ. ಮೇಲಿಂದ ಕಡಲಿನ ಉಪ್ಪುಗಾಳಿ. ಕನೆಕ್ಟರ್ ಬಿಚ್ಚಿದಾಗ ತಾಮ್ರದ ಕಾಲುಗಳ ಬುಡದಲ್ಲಿ ಹಸಿರು ಹುಡಿ ಕಂಡರೆ ವೋಲ್ಟೇಜ್ ಇಳಿಯಲು ಶುರುವಾಗಿದೆ ಎಂದೇ ಅರ್ಥ. ರೀಕಾಲ್ ಹೇಳಿದ ದೋಷದ ಮೂಲವೂ ಅದೇ ವೋಲ್ಟೇಜ್.

ಕೊಳ್ಳುವ ಮೊದಲು ಷಾಸಿ ನಂಬರಿನ 17 ಅಕ್ಷರ ಬರೆದುಕೊಳ್ಳಿ. ಹತ್ತನೆಯದು ಮಾಡೆಲ್ ವರ್ಷ: ‘ವಿ’ ಎಂದರೆ 1997, ‘ವೈ’ ಎಂದರೆ 2000, 4 ಎಂದರೆ 2004. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ವೆಬ್‌ಸೈಟಿನಲ್ಲಿ ನಂಬರು ಹಾಕಿ ‘ಬಾಕಿ ರೀಕಾಲ್ ಇಲ್ಲ’ ಎಂದು ಬಂದರೆ ನಂಬಿ ಕೂರಬೇಡಿ. 15 ವರ್ಷಕ್ಕಿಂತ ಹಳೆಯ ರೀಕಾಲ್ ಅಲ್ಲಿ ಸಾಮಾನ್ಯವಾಗಿ ತೋರಿಸುವುದೇ ಇಲ್ಲ. ಷೆವರ್ಲೆ ಡೀಲರ್ ಬಳಿ ಕಾರಿನ ಸರ್ವಿಸ್ ಇತಿಹಾಸ ತೆಗೆಸಿ ನೋಡುವುದೇ ಸರಿ.

ಕಾರಿನ ಹತ್ತಿರ ಹೋದಾಗ ಎಂಜಿನ್ ಆಫ್ ಮಾಡಿ ಕೀಲಿ ಹೊರಗೆ ಎಳೆಯಿರಿ. ಕಾಲಂನಿಂದ ಮೋಟಾರಿನ ಸಣ್ಣ ಗುರುಗುಟ್ಟು ಕೇಳಿ ಸ್ಟೇರಿಂಗ್ ಬಿಗಿದರೆ ಬೀಗ ಇನ್ನೂ ಜೀವಂತ. ಗುರುಗುಟ್ಟು ಕೇಳಿಯೂ ಸ್ಟೇರಿಂಗ್ ಸರಾಗ ತಿರುಗಿದರೆ ತಟ್ಟೆ ತೆಗೆದಿರಬಹುದು, ಮಾರುವವರಲ್ಲಿ ಬಿಲ್ ಕೇಳಿ. ದೋಷದ ಕೋಡು ಓದಲು ಸ್ಕ್ಯಾನರ್ ಬೇಕಿಲ್ಲ: ಎಂಜಿನ್ ಶುರು ಮಾಡದೆ ಕೀಲಿ ಆನ್ ಮಾಡಿ, ‘ರಿಸೆಟ್’ ಒತ್ತಿ, ‘ಆಪ್ಷನ್ಸ್’ ಗುಂಡಿಯನ್ನು ಅದುಮಿ ಹಿಡಿದುಕೊಂಡೇ ‘ಫ್ಯೂಯೆಲ್’ ಗುಂಡಿಯನ್ನು ನಾಲ್ಕು ಸಲ ಒತ್ತಿದರೆ ದೋಷದ ಕೋಡುಗಳು ಒಂದೊಂದಾಗಿ ಬರುತ್ತವೆ. 10 ಎಂದು ತೋರಿಸುವುದು ಪಿಸಿಎಂ, 40 ಎಂದರೆ ಬಿಸಿಎಂ. ಕೊನೆಯಲ್ಲಿ ‘ಸಿ’ ಇದ್ದರೆ ಈಗಿನ ದೋಷ, ‘ಎಚ್’ ಇದ್ದರೆ ಹಿಂದೆ ಬಂದು ಹೋದದ್ದು. 40ರಲ್ಲಿ ‘ಸಿ’ ಕಂಡರೆ ಕಾರಣ ತಿಳಿಯುವವರೆಗೆ ದುಡ್ಡು ಕೊಡಬೇಡಿ.

ಈ ಎಲ್ಲ ಕೆಲಸವನ್ನು ಗಲ್ಫ್‌ನಲ್ಲೇ ಮುಗಿಸಿ ಕಾರು ಹಡಗಿಗೆ ಹಾಕಿ. ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದೆ. ಬದಿಯಡ್ಕದಲ್ಲೋ ಹೊಸಂಗಡಿಯಲ್ಲೋ ಎಷ್ಟೇ ಒಳ್ಳೆಯ ಮೆಕ್ಯಾನಿಕ್ ಇದ್ದರೂ ಈ ಕಾರಿನ ಪಿಸಿಎಂಗೆ ಪ್ರೋಗ್ರಾಂ ಹಾಕುವ ಉಪಕರಣ ಅವರ ಬಳಿ ಇರುವುದಿಲ್ಲ.

ಊರಿನಲ್ಲಿ ಬೀಗ ಸಿಕ್ಕಿಕೊಂಡರೆ ಮೊದಲು ಬ್ಯಾಟರಿ ನೋಡಿ. ನಿಂತ ಕಾರಿನಲ್ಲಿ 12.6 ವೋಲ್ಟ್ ಇರಬೇಕು, 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿ. ಆಮೇಲೆ ಕೀಲಿ ತೆಗೆದು ಹತ್ತು ಸೆಕೆಂಡು ಕಾದು, ಸ್ಟೇರಿಂಗನ್ನು ಎಡಬಲ ಮೆಲ್ಲಗೆ ಅಲುಗಾಡಿಸುತ್ತಾ ಕೀಲಿ ತಿರುಗಿಸಿ, ಪಿನ್ನಿನ ಮೇಲಿನ ಒತ್ತಡ ಸಡಿಲಾಗುತ್ತದೆ. ಸ್ಟೇರಿಂಗ್ ಎರಡೂ ಕಡೆ ತಿರುಗುವುದನ್ನು ಕೈಯಲ್ಲಿ ನೋಡಿಕೊಳ್ಳುವವರೆಗೆ ಗೇರ್ ಹಾಕಬೇಡಿ, ಹ್ಯಾಂಡ್‌ಬ್ರೇಕ್ ಇಳಿಸಬೇಡಿ.