ಎಮ್ಮೆ ಕ್ಯಾಲ್ಸಿಯಂ ತಂದು ನನ್ನ ನಾಯಿಮರಿಗೆ ಮಾರಿದರು, ಬಳ್ಳಾರಿಯವರು ಹುಷಾರಾಗಿರಿ

ಬಳ್ಳಾರಿ ಕಡೆ ನಾಯಿಮರಿ ಸಾಕಿದವರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ಆ ಸೀಸೆ ಇನ್ನೂ ಅಂಗಡಿಯಲ್ಲಿ ಮಾರಾಟಕ್ಕಿದೆ.

ನಮ್ಮ ಗುಂಡ ಮೂರು ತಿಂಗಳ ಲ್ಯಾಬ್ರಡಾರ್ ಮರಿ. ಮಾರ್ಚ್‌ನಲ್ಲಿ ಅವನ ಊಟದ ಪ್ಯಾಕೆಟ್ ತರಲು ಹೋದಾಗ ಅಂಗಡಿಯವರು "ಕ್ಯಾಲ್ಸಿಯಂ ಏನ್ ಕೊಡ್ತೀರಿ?" ಅಂದರು. ಏನೂ ಇಲ್ಲ ಅಂದೆ. "ಅಯ್ಯೋ ಸರ್, ದೊಡ್ಡ ಜಾತಿ ಇದು. ಕಾಲು ಸೊಟ್ಟ ಆಗ್ತಾವ ನೋಡ್ರಿ." ಹೆದರಿಬಿಟ್ಟೆ. ಕ್ಯಾಲ್ಸಿಯಂ ಸಿರಪ್, ವಿಟಮಿನ್ ಹನಿ, ಒಂದು ಡಬ್ಬಿ ಪೌಡರ್. ಒಟ್ಟು 1,450 ರೂಪಾಯಿ. ಸಿರಪ್ ಸೀಸೆ ಮೇಲೆ ನಾಯಿ ಚಿತ್ರದ ಸ್ಟಿಕ್ಕರ್ ಬಿಟ್ಟರೆ ಏನೂ ಇಲ್ಲ. ಕಂಪನಿ ಹೆಸರಿಲ್ಲ, ಒಳಗೆ ಏನಿದೆ ಅಂತಿಲ್ಲ, ತಾರೀಖಿಲ್ಲ. ನಾನು ತಿರುಗಿಸಿಯೂ ನೋಡಲಿಲ್ಲ.

ಮೂರು ವಾರ ಎರಡೂ ಹೊತ್ತು ಕುಡಿಸಿದೆ. ಮರಿ ನೀರು ಕುಡಿಯೋದು ಜಾಸ್ತಿ ಆಯಿತು, ಉಚ್ಚೆಯೂ ಜಾಸ್ತಿ. ಏಪ್ರಿಲ್ ಬಿಸಿಲು, ನಮ್ಮೂರಲ್ಲಿ ಯಾರು ತಾನೇ ನೀರು ಕುಡಿಯಲ್ಲ ಅಂತ ಸುಮ್ನಿದ್ದೆ. ಆಮೇಲೆ ಊಟ ಬಿಟ್ಟ, ವಾಂತಿ ಶುರು ಆಯಿತು. ಅಂಗಡಿಗೆ ಫೋನ್ ಮಾಡಿದೆ. "ಬಿಸಿಲಿಗೆ ಹಂಗ ಆಗ್ತದರಿ. ಸಿರಪ್ ಬಿಡಬ್ಯಾಡ್ರಿ, ಇನ್ನೊಂದು ಚಮಚ ಜಾಸ್ತಿ ಹಾಕ್ರಿ." ಹಾಕಿದೆ. ಇನ್ನೂ ಎರಡು ದಿನ ನನ್ನ ಕೈಯಾರೆ ಹಾಕಿದೆ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಕ್ಯಾಲ್ಸಿಯಂ ಮಿತಿ ಮೀರಿತ್ತು. ಮನೆಯಿಂದ ಎಲ್ಲ ಡಬ್ಬಿ ತರಿಸಿ ಓದಿದರು. ಹನಿಯಲ್ಲೂ ವಿಟಮಿನ್ ಡಿ3, ಪೌಡರ್‌ನಲ್ಲೂ ಡಿ3. ಮರಿಗಳ ಊಟದ ಪ್ಯಾಕೆಟ್‌ನಲ್ಲಿ ಅದು ಮೊದಲೇ ಬೇಕಾದಷ್ಟು ಇರುತ್ತದಂತೆ. ಜಾಸ್ತಿಯಾದ ಡಿ ಉಚ್ಚೆಯಲ್ಲಿ ಹೋಗಲ್ಲ, ಕೊಬ್ಬಿನಲ್ಲಿ ಉಳಿಯುತ್ತದೆ, ಕ್ಯಾಲ್ಸಿಯಂ ಏರಿಸಿ ಕಿಡ್ನಿ ಕೆಡಿಸುತ್ತದೆ. ಎಳೆ ಮರಿಯ ಕರುಳಿಗೆ ಹೆಚ್ಚಿನ ಕ್ಯಾಲ್ಸಿಯಂ ಬೇಡ ಅನ್ನೋ ಶಕ್ತಿ ಇನ್ನೂ ಬಂದಿರಲ್ಲ. ದೊಡ್ಡ ಜಾತಿ ಮರಿಗಳಿಗೆ ಅದು ಜಾಸ್ತಿಯಾದರೂ ಮೂಳೆ, ಕೀಲು ಕೆಡುತ್ತವೆ. ಕಾಲು ಸೊಟ್ಟ ಆಗುತ್ತೆ ಅಂತ ನನ್ನನ್ನು ಹೆದರಿಸಿ ಮಾರಿದ್ದು ಅದನ್ನೇ!

"ಈ ಸ್ಟಿಕ್ಕರ್ ಸೀಸೆಯಲ್ಲಿ ಏನಿದೆ?" ಅಂತ ಡಾಕ್ಟರು ಕೇಳಿದರು. ಉತ್ತರ ಇರಲಿಲ್ಲ. ಸೀದಾ ಅಂಗಡಿಗೆ ಹೋದೆ. ಒಳಗೆ ಹುಡುಗನೊಬ್ಬ ನೆಲದ ಮೇಲೆ ಕೂತು ಐದು ಲೀಟರ್ ಕ್ಯಾನಿನಿಂದ ಸಣ್ಣ ಸೀಸೆಗಳಿಗೆ ತುಂಬುತ್ತಿದ್ದ. ಕ್ಯಾನಿನ ಮೇಲೆ ಹಸು ಚಿತ್ರ. ಸಿರುಗುಪ್ಪದಲ್ಲಿ ನಮ್ಮ ಮಾವನವರು ಹಾಲು ಕೊಡೋ ಎಮ್ಮೆಗೆ ಕುಡಿಸೋದು ಅದೇ ಕ್ಯಾನು. ಕೈಕಾಲು ನಡುಗಿತು ನನಗೆ. ನೂರಾರು ಕೆಜಿ ತೂಗೋ ಎಮ್ಮೆಯ ಔಷಧ, ಎಂಟು ಕೆಜಿ ಮರಿಗೆ!

ಕೇಳಿದರೆ ಮಾಲೀಕರು ಏನಂದರು ಗೊತ್ತಾ? "ಕ್ಯಾಲ್ಸಿಯಂ ಅಂದ್ರ ಕ್ಯಾಲ್ಸಿಯಂ ಸರ್. ಎಮ್ಮಿಗಿ ಬ್ಯಾರೆ, ನಾಯಿಗಿ ಬ್ಯಾರೆ ಇರ್ತದೇನು?" ಬಿಲ್ ಕೊಡಿ ಅಂದೆ. "ಬಿಲ್ ಬುಕ್ ಮುಗದೈತಿ." ದುಡ್ಡು ವಾಪಸ್ ಕೇಳಿದೆ. "ಸೀಸೆ ಓಪನ್ ಮಾಡೀರಲ್ಲ." ರಾತ್ರಿ ವಾಟ್ಸಾಪ್‌ನಲ್ಲಿ ರಕ್ತದ ರಿಪೋರ್ಟ್ ಕಳಿಸಿದೆ. "ನಿಮ್ಮ ಮರಿನೇ ವೀಕ್ ಇತ್ತು" ಅಂತ ಬರೆದು ಬ್ಲಾಕ್ ಮಾಡಿದರು. ನನ್ನ ಮರಿ ವೀಕ್ ಇತ್ತಂತೆ!

ಅಂಗಡಿಯವರ ಮಾತು ಕೇಳಿ ಮರಿಗೆ ಏನನ್ನೂ ಕುಡಿಸಬೇಡಿ. ಮೊದಲು ಡಾಕ್ಟರನ್ನು ಕೇಳಿ. ಲೇಬಲ್ ಇಲ್ಲದ ಸೀಸೆ ಮುಟ್ಟಬೇಡಿ, ಬಿಲ್ ಇಲ್ಲದೆ ಹೊರಗೆ ಬರಬೇಡಿ. ಮನೆಯಲ್ಲಿರೋ ಮನುಷ್ಯರ ವಿಟಮಿನ್ ಗುಳಿಗೆಯೂ ಬೇಡ. ಕೆಲವದರಲ್ಲಿ ಸಿಹಿಗೆ ಹಾಕೋ ಕ್ಸೈಲಿಟಾಲ್ ನಾಯಿಗೆ ವಿಷ.

ಗುಂಡನಿಗೆ ನಾಲ್ಕು ದಿನ ಸಲೈನ್ ಹಾಕಿಸಿದೆವು. ನಿನ್ನೆ ರಾತ್ರಿ ಬಟ್ಟಲು ಖಾಲಿ ಮಾಡಿದ. ಮುಂದಿನ ಕಾಲು ಇನ್ನೂ ಎಳೆಯುತ್ತಾನೆ, ಸೋಮವಾರ ಎಕ್ಸ್‌ರೇ ಇದೆ.