ಕ್ಲಾನ್ ಕಡತಗಳು: ಹದಿಮೂರು ಸಂಪುಟ, ಎರಡು ಲೆಡ್ಜರ್, ಮಸಿ ಬಳಿದ ಪುಟಗಳು

ಕರಿಯರ ಮೇಲೆ ದೌರ್ಜನ್ಯ ನಡೆಸಿದ ಅಮೆರಿಕದ ಬಿಳಿಯರ ಗುಪ್ತಸಂಘ ಕೂ ಕ್ಲಕ್ಸ್ ಕ್ಲಾನ್ ಬಗ್ಗೆ ಮೂಲ ದಾಖಲೆಗಳನ್ನೇ ಓದಬೇಕೆಂದರೆ ಈಗ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಮೂರು ದೊಡ್ಡ ರಾಶಿಗಳು ಬೆಂಗಳೂರಲ್ಲೋ ಬಳ್ಳಾರಿಯಲ್ಲೋ ಕೂತು ಬಿಡಿಗಾಸು ಖರ್ಚಿಲ್ಲದೆ ತೆರೆಯಲು ಸಿಗುತ್ತವೆ: 1872ರ ಅಮೆರಿಕನ್ ಕಾಂಗ್ರೆಸ್ಸಿನ (ಅಲ್ಲಿನ ಸಂಸತ್ತಿನ) ಸಾಕ್ಷ್ಯ ಸಂಪುಟಗಳು, ಕೊಲೊರಾಡೊ ರಾಜ್ಯದ ಡೆನ್ವರ್ ಕ್ಲಾನ್‌ನ ಸದಸ್ಯತ್ವ ಲೆಡ್ಜರ್‌ಗಳು, ಎಫ್‌ಬಿಐ (ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ) ಕಡತಗಳು. ಯಾವುದು ಉತ್ತಮ ಅಂತ ಕೇಳುವ ಮೊದಲು ಒಂದು ಮಾತು. ಇವು ಒಂದೇ ಸಂಘದ ದಾಖಲೆಗಳಲ್ಲ. ಟೆನೆಸಿಯ ಪುಲಾಸ್ಕಿಯಲ್ಲಿ ಅಂತರ್ಯುದ್ಧ ಮುಗಿದ ಬೆನ್ನಿಗೇ ಹುಟ್ಟಿದ ಕ್ಲಾನ್ 1870ರ ದಶಕದ ಆರಂಭದಲ್ಲಿ ಮುರಿದುಬಿತ್ತು. 1915ರಲ್ಲಿ ಜಾರ್ಜಿಯಾದ ಸ್ಟೋನ್ ಮೌಂಟನ್ ಮೇಲೆ ವಿಲಿಯಂ ಸಿಮನ್ಸ್ ಕಟ್ಟಿದ್ದು ಬೇರೆ. 1960ರ ದಶಕದಲ್ಲಿ ಎಫ್‌ಬಿಐ ಬೆನ್ನು ಹತ್ತಿದ್ದು ಅದೇ ಹೆಸರು ಹೊತ್ತ ಹಲವಾರು ಗುಂಪುಗಳನ್ನು. ಒಂದರ ಪುರಾವೆಯನ್ನು ಇನ್ನೊಂದರ ಮೇಲೆ ಹೇರುವುದೇ ಹೊಸಬರು ಮಾಡುವ ಮೊದಲ ತಪ್ಪು.

ಮೂರರಲ್ಲಿ ಮೊದಲ ಮಣೆ ಸಾಕ್ಷ್ಯ ಸಂಪುಟಗಳಿಗೇ. 1871ರ ಬೇಸಿಗೆಯಿಂದ ಕಾಂಗ್ರೆಸ್ಸಿನ ಜಂಟಿ ಸಮಿತಿ ದಕ್ಷಿಣದ ರಾಜ್ಯಗಳಿಗೆ ಹೋಗಿ ಸಾಕ್ಷಿಗಳನ್ನು ಕೂರಿಸಿ ಪ್ರಶ್ನೆ ಕೇಳಿತು. ಪ್ರಶ್ನೆ, ಉತ್ತರ ಎರಡೂ ಅಚ್ಚಾದವು. ಒಟ್ಟು 13 ಸಂಪುಟ. ಮೊದಲನೆಯದು ವರದಿ ಮತ್ತು ಸಮಿತಿಯಲ್ಲಿ ಬಹುಮತವಿಲ್ಲದ ಸದಸ್ಯರ ಭಿನ್ನಮತ. 2 ನಾರ್ತ್ ಕ್ಯಾರೊಲಿನಾ. 3ರಿಂದ 5 ಸೌತ್ ಕ್ಯಾರೊಲಿನಾ. 6, 7 ಜಾರ್ಜಿಯಾ. 8ರಿಂದ 10 ಅಲಬಾಮಾ. 11, 12 ಮಿಸಿಸಿಪ್ಪಿ. 13ರಲ್ಲಿ ಫ್ಲಾರಿಡಾ ಮತ್ತು ಚಿಲ್ಲರೆ ವಿಷಯಗಳು. ಇಂಟರ್‌ನೆಟ್ ಆರ್ಕೈವ್‌ನಲ್ಲೂ ಹಾಥಿಟ್ರಸ್ಟ್‌ನಲ್ಲೂ (ಎರಡೂ ಡಿಜಿಟಲ್ ಗ್ರಂಥಾಲಯಗಳು) ಸಿಗುತ್ತವೆ.

ಎಡವುವುದು ಸಂಖ್ಯೆಗಳಲ್ಲಿ. ಇದೇ ಪಠ್ಯ ಕಾಂಗ್ರೆಸ್ಸಿನ ಎರಡು ಸದನಗಳ ಲೆಕ್ಕದಲ್ಲಿ ಹೌಸ್ ವರದಿ 22 ಎಂದೂ ಸೆನೆಟ್ ವರದಿ 41 ಎಂದೂ ಎರಡು ಹೆಸರಲ್ಲಿ ಅಚ್ಚಾಗಿದೆ. ಜೊತೆಗೆ ‘ಜಾರ್ಜಿಯಾ, ಸಂಪುಟ 2’ ಎಂದರೆ ಒಟ್ಟು ಲೆಕ್ಕದಲ್ಲಿ 7ನೆಯದು, ಮತ್ತು ಪುಟಸಂಖ್ಯೆ ರಾಜ್ಯದ ಉದ್ದಕ್ಕೂ ಮುಂದುವರಿಯುತ್ತದೆ. ಅಡಿಟಿಪ್ಪಣಿಯಲ್ಲಿ 696ನೇ ಪುಟ ಎಂದು ನೋಡಿ ಜಾರ್ಜಿಯಾದ ಮೊದಲ ಸಂಪುಟ ಇಳಿಸಿಕೊಂಡರೆ ಆ ಪುಟವೇ ಅಲ್ಲಿರುವುದಿಲ್ಲ.

ಆ 696ರ ಆಸುಪಾಸಿನಲ್ಲೇ ಏಬ್ರಮ್ ಕೋಲ್ಬಿ ಇದ್ದಾರೆ. ಗುಲಾಮಗಿರಿಯಲ್ಲಿ ಹುಟ್ಟಿ ಜಾರ್ಜಿಯಾ ಶಾಸನಸಭೆಗೆ ಆರಿಸಿಬಂದವರು. 1869ರ ಅಕ್ಟೋಬರ್ 29ರ ರಾತ್ರಿ ಕ್ಲಾನಿನವರು ಅವರ ಬಾಗಿಲು ಒಡೆದು, ಹಾಸಿಗೆಯಿಂದ ಎಳೆದು, ಕಾಡಿಗೆ ಒಯ್ದು ಮೂರು ಗಂಟೆಗೂ ಹೆಚ್ಚು ಹೊತ್ತು ಹೊಡೆದು, ಸತ್ತನೆಂದು ಬಿಟ್ಟುಹೋದರು. ಇನ್ನು ಮುಂದೆ ರ‍್ಯಾಡಿಕಲ್ ಪಕ್ಷಕ್ಕೆ (ಕರಿಯರ ಹಕ್ಕಿನ ಪರವಿದ್ದ ರಿಪಬ್ಲಿಕನ್ನರಿಗೆ) ಓಟು ಹಾಕುತ್ತೀಯಾ ಅಂತ ಕೇಳಿದವರಿಗೆ, ಸುಳ್ಳು ಹೇಳಲಾರೆ, ನಾಳೆ ಚುನಾವಣೆ ನಡೆದರೆ ಅದಕ್ಕೇ ಹಾಕುತ್ತೇನೆ ಅಂದರಂತೆ. ಹೊಡೆದವರು ಯಾರು ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ಇನ್ನೂ ಗಟ್ಟಿ: ಕೆಲವರು ನಮ್ಮೂರಿನ ಮೊದಲ ದರ್ಜೆಯ ಜನ, ಒಬ್ಬ ವಕೀಲ, ಒಬ್ಬ ವೈದ್ಯ, ಕೆಲವರು ರೈತರು. ಇಂಥ ಒಂದು ಸಾಲು ಉಳಿದೆರಡು ರಾಶಿಗಳಲ್ಲಿ ಎಷ್ಟು ಹುಡುಕಿದರೂ ಸಿಗದು.

ಓದುವಾಗ ಪ್ರಶ್ನೆ ಯಾರದು ಎಂಬುದರ ಮೇಲೆ ಕಣ್ಣಿರಲಿ. ಪ್ರಶ್ನೆಗಳ ಮೇಲೆ ಕೇಳಿದವರ ಹೆಸರು ಅಚ್ಚಾಗಿರುತ್ತದೆ. ಸೌತ್ ಕ್ಯಾರೊಲಿನಾದಲ್ಲಿ ಸಮಿತಿಯ ಅಧ್ಯಕ್ಷ ಜಾನ್ ಸ್ಕಾಟ್ ಕೇಳುವ ರೀತಿಗೂ ಡೆಮಾಕ್ರಟ್ (ಆಗ ದಕ್ಷಿಣದ ಬಿಳಿಯರ ಪರವಿದ್ದ ಪಕ್ಷ) ಸದಸ್ಯ ವ್ಯಾನ್ ಟ್ರಂಪ್ ಕೇಳುವ ರೀತಿಗೂ ಅಜಗಜಾಂತರ. ಎರಡನೆಯವರದು ಸಾಕ್ಷಿಯ ಮಾತನ್ನು ಮುರಿಯಲು ಹೊರಟ ಪಾಟೀ ಸವಾಲು. ಅದನ್ನು ಕಾಣದೆ ಉತ್ತರವನ್ನಷ್ಟೇ ಉದ್ಧರಿಸಿದರೆ ಅರ್ಥ ತಿರುಚುತ್ತದೆ.

ಪದ ಹುಡುಕಾಟವನ್ನೇ ನಂಬಿ ಕೂರಬೇಡಿ. ‘ಕು-ಕ್ಲಕ್ಸ್’ ನಡುವೆ ಅಡ್ಡಗೆರೆ ಹಾಕಿದ್ದೂ ಉಂಟು, ಹಾಕದ್ದೂ ಉಂಟು. ಸಾಲಿನ ಕೊನೆಯಲ್ಲಿ ಒಡೆದ ಪದವನ್ನು ಒಸಿಆರ್ (ಸ್ಕ್ಯಾನಿನ ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಎರಡು ತುಂಡು ಮಾಡಿಬಿಡುತ್ತದೆ. ಶೀಘ್ರಲಿಪಿಕಾರ ಕೇಳಿಸಿದಂತೆ ಬರೆದುಕೊಂಡ ಹೆಸರುಗಳ ಕಾಗುಣಿತವೂ ನಿಂತಲ್ಲಿ ನಿಲ್ಲುವುದಿಲ್ಲ. ನಾರ್ತ್ ಕ್ಯಾರೊಲಿನಾದ ಸಂಪುಟಕ್ಕೆ ‘ವೈಟ್ ಬ್ರದರ್‌ಹುಡ್’, ‘ಇನ್‌ವಿಸಿಬಲ್ ಎಂಪೈರ್’ ಎಂದೂ ಹುಡುಕಬೇಕು, ಅಲ್ಲಿ ಇಂಥ ಗುಂಪುಗಳಿಗೆ ಆ ಹೆಸರುಗಳೂ ಇದ್ದವು. ಊರಿನ ಅಥವಾ ಕೌಂಟಿಯ (ಜಿಲ್ಲೆಯಂಥ ವಿಭಾಗ) ಹೆಸರು ಹಿಡಿದು ಹೋಗುವುದೇ ಎಲ್ಲಕ್ಕಿಂತ ಸಲೀಸು.

ಡೆನ್ವರ್ ಲೆಡ್ಜರ್‌ಗಳ ಸ್ವಭಾವ ಪೂರ್ತಿ ತಿರುಗುಮುರುಗು. ಹಿಸ್ಟರಿ ಕೊಲೊರಾಡೊ ಸಂಸ್ಥೆ 2021ರಲ್ಲಿ ಸ್ಕ್ಯಾನ್ ಮಾಡಿ ಹಾಕಿದ ಎರಡು ದಪ್ಪ ಪುಸ್ತಕಗಳು. ಸುಮಾರು 1,300 ಪುಟ, ಸುಮಾರು 30,000 ನಮೂದು, 1924ರಿಂದ 1926ರ ಅವಧಿ. ಹೆಸರು, ಸದಸ್ಯ ಸಂಖ್ಯೆ, ವಿಳಾಸ, ಕೆಲಸದ ಜಾಗ. ಡೆನ್ವರ್ ಮೇಯರ್ ಬೆಂಜಮಿನ್ ಸ್ಟೇಪಲ್ಟನ್ 1,128ನೇ ಸದಸ್ಯ. ಮುಸುಕಿನ ಹಿಂದೆ ಯಾರಿದ್ದರು ಎಂಬುದಕ್ಕೆ ಇದಕ್ಕಿಂತ ನೇರ ದಾಖಲೆ ಅಪರೂಪ. ಆದರೆ ಅಷ್ಟೇ. ಸಾಲಿನಲ್ಲಿರುವ ಮನುಷ್ಯ ಒಂದೇ ಸಭೆಗೆ ಬಂದು ಬಿಟ್ಟನೋ, ಶಿಲುಬೆಗೆ ಬೆಂಕಿ ಹಚ್ಚಲು ಹೋದನೋ, ಲೆಡ್ಜರ್ ಬಾಯಿ ಬಿಡುವುದಿಲ್ಲ. ಹೆಂಗಸರೂ ಇದರಲ್ಲಿಲ್ಲ, ಅವರಿಗೆ 1923ರಲ್ಲಿ ಬೇರೆಯೇ ಸಂಘಟನೆ ಹುಟ್ಟಿತ್ತು.

ಹೆಸರು ಸಿಕ್ಕಿತೆಂದು ಕುಣಿಯುವ ಮೊದಲು ವಿಳಾಸವನ್ನು 1920 ಮತ್ತು 1930ರ ಜನಗಣತಿ ಹಾಳೆಗಳ ಜೊತೆ, ಆ ವರ್ಷದ ನಗರ ಡೈರೆಕ್ಟರಿ ಜೊತೆ ತಾಳೆ ನೋಡಬೇಕು. ಡೆನ್ವರಿನಲ್ಲಿ ಜಾನ್ ಸ್ಮಿತ್‌ಗಳಿಗೆ ಬರವಿರಲಿಲ್ಲ. ಅಮೆರಿಕದ ಜನಗಣತಿಯ ಮೂಲ ಹಾಳೆಗಳು 72 ವರ್ಷದ ನಂತರ ಬಿಡುಗಡೆಯಾಗುತ್ತವೆ, ಹಾಗಾಗಿ ಈ ಎರಡೂ ಸಿಗುತ್ತವೆ.

1920ರ ದಶಕದ ಕ್ಲಾನ್ ಕಾಗದ ಓದಲು ಅವರ ಗುಪ್ತಭಾಷೆ ಸ್ವಲ್ಪ ಬೇಕು. ‘ಕ್ಲಿಗ್ರಾಪ್’ ಎಂದರೆ ಕಾರ್ಯದರ್ಶಿ, ‘ಕ್ಲಾಬೀ’ ಖಜಾಂಚಿ, ‘ಕ್ಲೀಗಲ್’ ಸದಸ್ಯರನ್ನು ಹಿಡಿದು ತರುವವನು. 10 ಡಾಲರ್ ಪ್ರವೇಶ ಶುಲ್ಕದಲ್ಲಿ 4 ಡಾಲರ್ ಅವನ ಜೇಬಿಗೆ. ಸಂಘ ಇಷ್ಟು ಬೇಗ ಊದಿಕೊಂಡಿದ್ದಕ್ಕೆ ಈ ಕಮಿಷನ್ನೂ ಒಂದು ಕಾರಣ. ಪತ್ರಗಳ ತಾರೀಖು ಮಕ್ಕಳಾಟದಂತಿದೆ: ಜನವರಿ ‘ರಕ್ತದ’ ತಿಂಗಳು, ಫೆಬ್ರವರಿ ‘ಮಂಕು’ ತಿಂಗಳು, ಜುಲೈ ‘ಭೀಕರ’, ಸೆಪ್ಟೆಂಬರ್ ‘ಶೋಕದ’. ವಾರ, ದಿನಗಳಿಗೂ ಇಂಥವೇ ಹೆಸರು. ಈ ಪಟ್ಟಿ ಪಕ್ಕದಲ್ಲಿ ಇಟ್ಟುಕೊಳ್ಳದಿದ್ದರೆ ಪತ್ರಗಳನ್ನು ಕಾಲಕ್ರಮದಲ್ಲಿ ಜೋಡಿಸಲಾಗದು.

ಎಫ್‌ಬಿಐ ಕಡತಗಳಿಗೆ ತಾಳ್ಮೆ ಬೇಕು. 1964ರ ಸೆಪ್ಟೆಂಬರಿನಲ್ಲಿ ಶುರುವಾಗಿ 1971ರಲ್ಲಿ ನಿಂತ ‘ಕೋಇಂಟೆಲ್‌ಪ್ರೊ, ವೈಟ್ ಹೇಟ್’ ಎಂಬ, ಗುಂಪುಗಳನ್ನು ಒಳಗಿಂದಲೇ ಒಡೆಯುವ ಗುಪ್ತ ಕಾರ್ಯಾಚರಣೆ 17 ಕ್ಲಾನ್ ಗುಂಪುಗಳ ಮೇಲೆ ಕಣ್ಣಿಟ್ಟಿತ್ತು. ಸ್ಕ್ಯಾನ್‌ಗಳು ಸಂಸ್ಥೆಯ ‘ವಾಲ್ಟ್’ ತಾಣದಲ್ಲಿವೆ. ಪ್ರತಿಯ ಪ್ರತಿಯ ಪ್ರತಿ, ಮಸುಕು ಅಕ್ಷರ, ಒಸಿಆರ್ ಸೋಲುತ್ತದೆ. ಹುಡುಕುವುದು ಬಿಟ್ಟು ಪುಟ ಮಗುಚುವುದೇ ದಾರಿ. ‘ಏರ್‌ಟೆಲ್’ ಅಂತ ಕಂಡರೆ ಮೊಬೈಲ್ ಕಂಪನಿ ನೆನಪಾಗದಿರಲಿ. ಅದೇ ದಿನ ಟೈಪು ಮಾಡಿ ವಿಮಾನ ಅಂಚೆಗೆ ಹಾಕುತ್ತಿದ್ದ ಕಚೇರಿ ಪತ್ರ. ಪಠ್ಯ ಮುಚ್ಚಲು ಬಳಿದ ಕಪ್ಪು ಪಟ್ಟಿಯ ಪಕ್ಕ ಬರೆದ ಸಂಕೇತವನ್ನು ತಪ್ಪದೆ ಗುರುತು ಹಾಕಿಕೊಳ್ಳಿ: ‘ಬಿ7ಸಿ’ ಎಂದರೆ ಖಾಸಗಿತನಕ್ಕಾಗಿ ಅಳಿಸಿದ್ದು, ‘ಬಿ7ಡಿ’ ಎಂದರೆ ಗುಪ್ತ ಮಾಹಿತಿದಾರನನ್ನು ಮುಚ್ಚಿದ್ದು. ಅಂದರೆ ಹೆಸರು ಅಳಿಸಿದ್ದರೂ ಆ ಸಭೆಯೊಳಗೆ ಎಫ್‌ಬಿಐ ಕಿವಿ ಇತ್ತು ಎಂಬುದನ್ನು ಕಪ್ಪು ಪಟ್ಟಿಯೇ ಹೇಳುತ್ತದೆ. ಒಂದು ಪ್ರತಿಯಲ್ಲಿ ಮುಚ್ಚಿದ್ದು ಇನ್ನೊಂದು ಪ್ರತಿಯಲ್ಲಿ ತೆರೆದೇ ಉಳಿದಿರುವುದುಂಟು, ಹಾಗಾಗಿ 1970ರ ದಶಕದಲ್ಲಿ ಗುಪ್ತಚರ ಸಂಸ್ಥೆಗಳನ್ನು ತನಿಖೆ ಮಾಡಿದ, ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿ ಅಚ್ಚುಹಾಕಿದ ದಾಖಲೆಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಕ್ಲಾನ್ ಸದಸ್ಯರ ಮನೆಗೆ, ನೀನು ಯಾರೆಂದು ಗೊತ್ತಿದೆ ಎನ್ನುವ ಪೋಸ್ಟ್ ಕಾರ್ಡುಗಳನ್ನು ಎಫ್‌ಬಿಐಯೇ ಕಳಿಸುತ್ತಿತ್ತು. ಅಂಚೆಯವನಿಗೂ ಓದಲು ಸಿಗಲಿ ಅಂತಲೇ ಲಕೋಟೆಯಿಲ್ಲದ ಕಾರ್ಡು.

‘ಫೈರಿ ಕ್ರಾಸ್’ ಥರದ ಕ್ಲಾನ್ ಪತ್ರಿಕೆಗಳು ಇಂಡಿಯಾನಾ ರಾಜ್ಯದ ಹಳೆಯ ಪತ್ರಿಕೆಗಳ ತಾಣ ಹೂಸಿಯರ್ ಸ್ಟೇಟ್ ಕ್ರಾನಿಕಲ್ಸ್‌ನಲ್ಲಿ ಬಿಟ್ಟಿ ಸಿಗುತ್ತವೆ. ಸಭೆಗೆ ಸೇರಿದ ಜನರ ಲೆಕ್ಕವನ್ನು ಅವುಗಳಿಂದ ಎತ್ತಬೇಡಿ. ಜಾಹೀರಾತು ಪುಟಗಳನ್ನು ಮಾತ್ರ ಬಿಡಬೇಡಿ: ಯಾವ ಅಂಗಡಿಯವರು ತಮ್ಮನ್ನು ‘ನೂರಕ್ಕೆ ನೂರು’ (ಅಂದರೆ ಅಪ್ಪಟ ಅಮೆರಿಕನ್, ಕ್ಲಾನಿನ ಘೋಷಣೆ) ಎಂದು ಕರೆದುಕೊಂಡರು ಎಂಬುದು ಅಲ್ಲಿದೆ.

ಕೈಯಲ್ಲಿ ಒಂದೇ ವಾರವಿದ್ದರೆ 7ನೇ ಸಂಪುಟ ಸಾಕು. ತಿಂಗಳಿದ್ದರೆ ಯಾವುದಾದರೂ ಒಂದೇ ಕೌಂಟಿ ಹಿಡಿದು ಸಾಕ್ಷ್ಯ ಓದಿ, ಆಮೇಲೆ ಅದೇ ಕೌಂಟಿಗೆ, ಬಿಡುಗಡೆಯಾದ ಗುಲಾಮರ ನೆರವಿಗಿದ್ದ ಸರ್ಕಾರಿ ಕಚೇರಿ ಫ್ರೀಡ್‌ಮೆನ್ಸ್ ಬ್ಯೂರೊದ ‘ಕೊಲೆ ಮತ್ತು ದೌರ್ಜನ್ಯ’ಗಳ ಪಟ್ಟಿ ತೆಗೆಯಿರಿ. ಫ್ಯಾಮಿಲಿಸರ್ಚ್‌ನಲ್ಲಿ (ವಂಶಾವಳಿ ಹುಡುಕುವ ತಾಣ) ಖಾತೆ ತೆರೆದರೆ ಸಿಗುತ್ತದೆ. 1868ರ ಕೊನೆಗೆ ಬ್ಯೂರೊದ ಸಿಬ್ಬಂದಿಯನ್ನು ಕಿತ್ತುಹಾಕಿದ್ದರಿಂದ ಆ ಪಟ್ಟಿ ಅಲ್ಲಿಗೇ ಸೊರಗುತ್ತದೆ. ಸಾಕ್ಷ್ಯ ಸಂಪುಟಗಳಲ್ಲಿನ ಹಲವು ಘಟನೆಗಳು ನಡೆದದ್ದು ಅದರ ನಂತರವೇ.